ಕಿತ್ತಳೆ ಬಣ್ಣದ ಚಾರ್ಜರ್

ಮೋಟೆಲಿನ ಕಿಟಕಿಯ ಪರದೆ ಸರಿಸಿದಾಗ ಅಪ್ಪ ಆಗಲೇ ಅಂಗಳದಲ್ಲಿದ್ದ. ರಾತ್ರಿಯ ಇಬ್ಬನಿಯೆಲ್ಲ ಕಾರಿನ ಮೇಲೆ ಕೂತಿತ್ತು. ಹಳೆಯ ಬನಿಯನ್ನಿನ ತುಂಡೊಂದನ್ನು ಬಾನೆಟ್ಟಿನ ಮೇಲೆ ಅಗಲವಾಗಿ ಹಾಸಿ, ಎರಡೂ ಅಂಗೈಗಳಿಂದ ಅದನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಎಳೆದಷ್ಟೂ ಕಿತ್ತಳೆ ಬಣ್ಣ ಆ ಬೂದು ನೀರಿನ ಅಡಿಯಿಂದ ಎದ್ದು ಬರುತ್ತಿತ್ತು. ಹಿಂಡಿ, ಮತ್ತೆ ಹಾಸಿ, ಮತ್ತೆ ಎಳೆದ. ಮದುವೆಗೆ ಹೊರಟವನಂತೆ ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದ, ಅದರ ತೋಳುಗಳನ್ನು ಮಾತ್ರ ಮೊಣಕೈವರೆಗೆ ಮಡಚಿದ್ದ. ಅರವತ್ತಮೂರು ವರ್ಷದ ಸಿದ್ದಣ್ಣನಿಗೆ ಮಗಳು ತನ್ನನ್ನು ನೋಡುತ್ತಿದ್ದಾಳೆಂಬುದು ಗೊತ್ತಿರಲಿಲ್ಲ. ಮಹಾಶ್ವೇತಾ ಪರದೆ ಹಿಡಿದೇ ನಿಂತಳು. ಇವತ್ತು ಹೇಳಲೇಬೇಕು. ಸಿಡ್ನಿಯಿಂದ ಹೊರಟು ರಾತ್ರಿ ತಂಗಿದ ಈ ಆಲ್ಬರಿಯಿಂದ ಮೆಲ್ಬರ್ನ್ ದಾಟಿ ಕ್ರಾನ್‌ಬರ್ನಿಗೆ ನಾಲ್ಕು ಗಂಟೆಯ ದಾರಿ. ಆ ನಾಲ್ಕು ಗಂಟೆಯೊಳಗೆ ಎಲ್ಲಾದರೂ ಒಂದು ಕಡೆ, ಅಪ್ಪ ಸತ್ತುಹೋಗಿದ್ದಾನೆಂದು ತಾನು ಒಬ್ಬರಿಗೆ ಹೇಳಿರುವುದನ್ನು ಅಪ್ಪನಿಗೇ ಹೇಳಬೇಕು.

ಹೇಳಿದ್ದು ಎರಡೂವರೆ ವರ್ಷದ ಹಿಂದೆ. ಕ್ರಾನ್‌ಬರ್ನಿನ ನೋಲಾ ಎಂಬ ಮುದುಕಿಯ ಶೆಡ್ಡಿನಲ್ಲಿ, ಹಳೆಯ ಟಾರ್ಪಾಲಿನ ಕೆಳಗೆ, ಈ ಕಾರು ನಾಲ್ಕು ಟೈರುಗಳ ಗಾಳಿ ಬಿಟ್ಟುಕೊಂಡು ನೆಲಕ್ಕೆ ಕೂತಿತ್ತು. ಮಹಾಶ್ವೇತಾ ಅದಕ್ಕೂ ಮೊದಲು ಸಿಡ್ನಿಯಲ್ಲೇ ಮೂರು ಹಳೆಯ ಕಾರು ನೋಡಲು ಹೋಗಿದ್ದಳು. ಮೊದಲನೆಯವನು ಬಾಯ್‌ಫ್ರೆಂಡ್ ಪಾರ್ಕಿಂಗ್ ಮಾಡುತ್ತಿದ್ದಾನಾ ಎಂದು ಅವಳ ಬೆನ್ನ ಹಿಂದೆ ಇಣುಕಿದ್ದ. ಎರಡನೆಯವನು ಬಾನೆಟ್ ತೆರೆದು ಇದು ಎಂಜಿನ್ ಎಂದು ತೋರಿಸಿದ್ದ. ಮೂರನೆಯವನು ಅವಳ ಫೋನಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದ್ದ. ಅವಳಿಗೆ ಇಪ್ಪತ್ತೈದು. ಚಾಟ್ಸ್‌ವುಡ್ಡಿನ ಆಫೀಸಿನ ಏಳನೇ ಮಹಡಿಯಲ್ಲಿ ಯಾರೋ ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವಳ ಕೆಲಸ. ಹದಿನಾಲ್ಕನೇ ವಯಸ್ಸಿನಿಂದ ಅವಳ ಕಣ್ಣೊಳಗೆ ಕೂತಿದ್ದು ಮಾತ್ರ ಈ ಆಕಾರ: ಎಪ್ಪತ್ತರ ದಶಕದ, ಜೋರು ಎಂಜಿನ್ನಿನ ಮಸಲ್ ಕಾರು, ಎರಡೇ ಬಾಗಿಲಿನ ವೇಲಿಯಂಟ್ ಚಾರ್ಜರ್, ಉದ್ದ ಬಾನೆಟ್ಟು, ಹಿಂದಕ್ಕೆ ಜಾರುತ್ತ ಇಳಿದು ಕೊನೆಯಲ್ಲಿ ಫಕ್ಕನೆ ಮೇಲೇಳುವ ಬಾಲ. ಟಾರ್ಪಾಲು ಎಳೆದಾಗ ಪಾರಿವಾಳದ ಹಿಕ್ಕೆಯ ನಡುವೆ ಆ ಬಾಲದ ಗೆರೆ ಕಂಡಿತು. ಮಾತಾಡಲಾಗಲಿಲ್ಲ. ಆಫೀಸಿನ ಪ್ಯಾಂಟಿನಲ್ಲೇ ಒದ್ದೆ ಕಾಂಕ್ರೀಟಿನ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ತೂರಿ, ಮೊಬೈಲ್ ಬೆಳಕಿನಲ್ಲಿ ಅದರ ಹೊಟ್ಟೆಯನ್ನು ನೋಡುತ್ತ ಎಷ್ಟೋ ಹೊತ್ತು ಉಳಿದಳು. ಹೊರಗೆ ಬಂದಾಗ ನೋಲಾ ಕೇಳಿದ್ದು ಒಂದೇ ಮಾತು: "ನಿನಗೆ ಇದು ಯಾಕೆ ಬೇಕು?"

ಬೇಕು, ಅಷ್ಟೇ. ಆದರೆ ಅದು ಉತ್ತರವೆಂದು ಅವಳಿಗೆ ಅನಿಸಲಿಲ್ಲ. ಅವಳು ಬೆಳೆದ ಮನೆಗಳಲ್ಲಿ ಯಾವುದಕ್ಕೂ ಒಂದು ಕಾರಣ ಇರಬೇಕಿತ್ತು. ಕಾಯಂ ವಾಸದ ಪಿಆರ್‌ಗಾಗಿ, ಮನೆಯ ಮಾರ್ಟ್‌ಗೇಜಿಗಾಗಿ, ಒಳ್ಳೆಯ ಸಬರ್ಬಿನ ಒಳ್ಳೆಯ ಶಾಲೆಗಾಗಿ. ಬರೀ ಚೆಂದವಿದೆ ಎಂಬುದಕ್ಕೆ ಯಾರೂ ಏನನ್ನೂ ಕೊಂಡದ್ದಿಲ್ಲ. ಮುದುಕಿ ಕಾಯುತ್ತಿದ್ದಳು. ಮಹಾಶ್ವೇತಾಳ ಬಾಯಿಂದ ಇಂಗ್ಲಿಷಿನಲ್ಲಿ ಸಲೀಸಾಗಿ ಹೊರಬಿತ್ತು: ನಮ್ಮಪ್ಪನಿಗೆ ಈ ಕಾರೆಂದರೆ ಪ್ರಾಣ, ಕಳೆದ ವರ್ಷ ತೀರಿಕೊಂಡರು, ಅವರ ನೆನಪಿಗೆ. ನೋಲಾ ತಲೆಯಾಡಿಸಿ, ಅಪ್ಪ ಏನು ಮಾಡುತ್ತಿದ್ದರು ಎಂದಳು. ಎಂಜಿನಿಯರ್ ಎಂದಳು ಇವಳು. ಅಷ್ಟು ಹೊತ್ತಿಗೆ ಸಿಡ್ನಿಯ ಪೆಂಡಲ್ ಹಿಲ್ಲಿನ ಮನೆಯಲ್ಲಿ ಅಪ್ಪ ಹಿತ್ತಲಿನ ಮೆಂತ್ಯೆ ಮಡಿಗೆ ನೀರು ಬಿಡುತ್ತಿದ್ದ.

"ನಾಷ್ಟಾ ಮುಂದ ಎಲ್ಲ್ಯಾರ ಮಾಡೂಣು," ಮೋಟೆಲಿನ ಅಂಗಳದಲ್ಲಿ ಅಪ್ಪ ಕಾರಿನ ಬಾಗಿಲು ತೆರೆದು ಕೂತ. ಬಾಗಿಲನ್ನು ಅವನು ಎಂದೂ ಧಡ್ಡನೆ ಹಾಕುವುದಿಲ್ಲ. ಅಂಗೈಯಲ್ಲಿ ಒತ್ತಿ, ಬೀಗ ಕಚ್ಚಿಕೊಂಡ ಸದ್ದು ಕೇಳಿ, ಸಮಾಧಾನಪಟ್ಟುಕೊಂಡು ಕೈ ತೆಗೆಯುತ್ತಾನೆ. ಅವಳು ಕೀಲಿ ತಿರುವಿದಳು. ಎಂಜಿನ್ ಒಮ್ಮೆ ಕೆಮ್ಮಿ, ಹಿಡಿಯಿತು. ಆರು ಸಿಲಿಂಡರಿನ ಗುಡುಗು ಸೀಟಿನ ಕೆಳಗಿನಿಂದ ಬೆನ್ನಿಗೆ ಏರಿತು. ನೂರು ಸಲ ಕೇಳಿದರೂ ಪ್ರತಿ ಸಲ ಅವಳ ಎದೆಯಲ್ಲಿ ಏನೋ ಎದ್ದು ನಿಲ್ಲುತ್ತದೆ. ನದಿಯ ಸೇತುವೆ ದಾಟಿ ವಿಕ್ಟೋರಿಯಾ ರಾಜ್ಯದ ಹುಲ್ಲುಬಯಲಿಗೆ ಇಳಿದಾಗ ಬಿಸಿಲು ಎಳೆಯದಾಗಿತ್ತು. ಹೇಳಬೇಕು. ವಾಂಗರಾಟಾ ಊರು ಬರಲಿ. ಎದುರಿನಿಂದ ಬಂದ ಲಾರಿಯವನು ದೀಪ ಮಿನುಗಿಸಿ, ಕಿಟಕಿಯಿಂದ ಕೈ ಹೊರಹಾಕಿ ಎರಡು ಬೆರಳು ಎತ್ತಿ ತೋರಿಸಿದ.

"ಬೈದ್ನೇನ ಅಂವಾ?" ಅಪ್ಪ ತಿರುಗಿ ನೋಡಿದ.

"ಇಲ್ಲಪ್ಪಾ. ಚಾರ್ಜರ್ ಕಂಡ್ರ ಇಲ್ಲಿ ಮಂದಿ ಹಂಗ ಮಾಡ್ತಾರ. ಹಳೇ ರೂಢಿ. ಶಾಭಾಸ್ ಅಂದಂಗ."

ಮುಂದಿನ ಲಾರಿ ಬಂದಾಗ ಅಪ್ಪ ತಾನೇ ಮೊದಲು ಎರಡು ಬೆರಳು ಎತ್ತಿದ. ಅದು ಹಾಲಿನ ಲಾರಿ. ಚಾಲಕಿ ಹೆಂಗಸು ಗಾಬರಿಯಾಗಿ ನೋಡಿ ಹೋದಳು. ಅಪ್ಪ ಬೆರಳುಗಳನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ. ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ.

ಆ ಬೆರಳುಗಳನ್ನು ಅವಳು ಸರಿಯಾಗಿ ನೋಡಿದ್ದು ಈ ಎರಡು ವರ್ಷದಲ್ಲಿ. ಕಾರನ್ನು ಟ್ರೇಲರಿನ ಮೇಲೆ ಮೆಲ್ಬರ್ನಿನಿಂದ ತಂದು ಮನೆಯ ಗ್ಯಾರೇಜಿಗೆ ತಳ್ಳಿದ ದಿನ ಅವ್ವ ನೀಲಕ್ಕ, "ಈ ಹೆಣಾ ಯಾಕ ತಂದಿ?" ಎಂದಿದ್ದಳು. ಅಪ್ಪ ಒಂದು ತಿಂಗಳು ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಮಹಾಶ್ವೇತಾ ಯೂಟ್ಯೂಬ್ ನೋಡುತ್ತ ಎಂಜಿನ್ ಇಳಿಸಿದಳು, ತೊಳೆದಳು, ಒಂದೊಂದು ನಟ್ಟಿಗೂ ಚೀಟಿ ಕಟ್ಟಿ ಡಬ್ಬಿಗೆ ಹಾಕಿದಳು. ಎಂಜಿನ್ ಅವಳಿಗೆ ಅರ್ಥವಾಗುತ್ತಿತ್ತು. ಒಂದು ತಪ್ಪಿದ್ದರೆ ಅದಕ್ಕೊಂದು ಕಾರಣವಿರುತ್ತಿತ್ತು. ಕಾರಿನ ಮೈಯ ತಗಡಿನ ಕೆಲಸ ಅವಳಿಂದಾಗಲಿಲ್ಲ. ಪಕ್ಕದ ಸಬರ್ಬಿನಿಂದ ಬಂದ ವರ್ಕ್‌ಶಾಪಿನವನು ಹಿಂದಿನ ಚಕ್ರದ ಮೇಲಿನ ಭಾಗಕ್ಕೆ ಬೂಟಿನ ತುದಿಯಿಂದ ಮೆಲ್ಲಗೆ ಒದ್ದು, ಉದುರಿದ ತುಕ್ಕನ್ನು ನೋಡಿ, ಒಳ್ಳೆಯ ಹೂಕುಂಡವಾಗುತ್ತದೆ ಎಂದು ನಕ್ಕು ಹೋದ. ಅವನು ಹೋದ ಮೇಲೆ ಅವಳು ಆ ತುಕ್ಕಿನ ಚೂರುಗಳನ್ನು ಕೈಯಿಂದ ಆರಿಸುತ್ತ ಕೂತಿದ್ದಳು. ಹಿಂದೆ ಚಪ್ಪಲಿಯ ಸದ್ದಾಯಿತು. ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದ. ಬೆರಳ ಗೆಣ್ಣಿನಿಂದ ಬಾಗಿಲ ಕೆಳಗೆ ತಟ್ಟಿದ, ಸ್ವಲ್ಪ ಸರಿದು ಮತ್ತೆ ತಟ್ಟಿದ. ತಲೆ ಒಂದು ಬದಿಗೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದ. "ಇಲ್ಲಿ ತಗಡ ಇಲ್ಲ. ಬರೇ ಮೆತ್ತಿದ ಪುಟ್ಟಿ ಐತಿ. ಇಲ್ಲಿ ಐತಿ. ಇಲ್ಲಿ ಅರ್ಧಾ ಐತಿ." ಸೀಮೆಸುಣ್ಣ ತರಿಸಿ ಗೆರೆ ಎಳೆದ. ಆಮೇಲೆ ಅವಳು ಬಣ್ಣ ಕೆರೆದು ನೋಡಿದಾಗ ತುಕ್ಕಿನ ಅಂಚು ಎಲ್ಲೆಡೆ ಆ ಗೆರೆಯ ಮೇಲೇ ಇತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಅಪ್ಪ ಬಸ್ಸುಗಳಿಗೆ ಮೈ ಕಟ್ಟುವ ಶೆಡ್ಡಿನಲ್ಲಿ ಟಿಂಕರ್ ಆಗಿದ್ದ. ತಗಡಿನ ಕೆಲಸದವರು ಬೇಕೆಂದು ವೀಸಾ ಸಿಕ್ಕಿ ಸಿಡ್ನಿಗೆ ಬಂದ. ಕಾರ್ಖಾನೆಯೊಂದರಲ್ಲಿ ಎಸಿಯ ಗಾಳಿ ಹಾಯುವ ಚೌಕ ಕೊಳವೆಗಳನ್ನು ಮಡಚುತ್ತ ಹತ್ತೊಂಬತ್ತು ವರ್ಷ ಕಳೆದ. ಕಾರ್ಖಾನೆ ಮುಚ್ಚಿದಾಗ ಮನೆಯಲ್ಲಿ ಕೂತ. ಇಷ್ಟು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಎಲ್ಲೂ ಹೇಳುತ್ತಿರಲಿಲ್ಲ. ದೀಪಾವಳಿಗೆ ಶಾಲೆಯ ಸಭಾಂಗಣದಲ್ಲಿ ಸೇರುತ್ತಿದ್ದ ಕನ್ನಡದವರಲ್ಲಿ ಯೋಗೀಶ ಅಂಕಲ್ ಬ್ಯಾಂಕಿನಲ್ಲಿ, ಪ್ರಮೋದ್ ಅಂಕಲ್ ನಾರ್ತ್ ಸಿಡ್ನಿಯಲ್ಲಿ ಕನ್ಸಲ್ಟೆಂಟ್. ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಮ್ಯಾನುಫ್ಯಾಕ್ಚರಿಂಗ್ ಎಂದುಬಿಡುತ್ತಿದ್ದಳು. ಅಪ್ಪ ಆಗ ಊಟದ ಸಾಲಿನ ಕೊನೆಯಲ್ಲಿ ಎಲ್ಲರ ತಟ್ಟೆಗೆ ಚಪಾತಿ ಹಾಕುತ್ತಿದ್ದ. ಎಂಟನೇ ಕ್ಲಾಸಿನಲ್ಲಿ ಒಂದು ದಿನ ಅವಳು ಮರೆತ ಇನ್ಹೇಲರ್ ಕೊಡಲು ಕೆಲಸದ ಹಳದಿ ಅಂಗಿಯಲ್ಲೇ ಶಾಲೆಗೆ ಬಂದಿದ್ದ. ಮೈಯೆಲ್ಲ ತಗಡಿನ ವಾಸನೆ, ಕೈಗೆ ಬ್ಯಾಂಡೇಜು. ಅವನು ಇನ್ಹೇಲರ್ ಕೊಟ್ಟು ಹೊರಳುತ್ತಿದ್ದಂತೆ ಗೆಳತಿ ಯಾರದು ಎಂದಳು. "ಎಸಿ ರಿಪೇರಿಗೆ ಬಂದವರು. ಶಾಲೆಯ ಆಫೀಸಿನವರು ಇವರ ಕೈಲಿ ಕೊಟ್ಟು ಕಳಿಸಿದ್ದಾರೆ," ಎಂದಳು ಇವಳು. ಅಪ್ಪ ಆಗಲೇ ಗೇಟಿನ ಹತ್ತಿರ ಹೋಗಿದ್ದ. ಕೇಳಿಸಿರಲಾರದು ಎಂದು ಅವಳು ಹದಿಮೂರು ವರ್ಷ ಅಂದುಕೊಂಡೇ ಬಂದಿದ್ದಳು.

ವಾಂಗರಾಟಾ ದಾಟಿತು. ಬೆನಾಲಾ ಬಂತು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಅಪ್ಪ ಕೆಳಗಿಳಿದು ಸೊಂಟ ಹಿಡಿದು ನೆಟ್ಟಗಾದ. ಪಕ್ಕದ ಪಂಪಿನಲ್ಲಿ ಕುರಿ ತುಂಬಿದ ಟ್ರೇಲರಿನ ಹತ್ತಿರ ನಿಂತಿದ್ದ ಉದ್ದನೆಯ ರೈತನೊಬ್ಬ ಪೆಟ್ರೋಲ್ ಹಾಕುವುದನ್ನು ಬಿಟ್ಟು ಬಂದು, ಟೋಪಿ ತೆಗೆದು, ಕಾರಿನ ಹಿಂಭಾಗದಲ್ಲಿ ಕುಕ್ಕರಗಾಲಲ್ಲಿ ಕೂತ. ಚಕ್ರದ ಮೇಲಿಂದ ಬಾಲದವರೆಗೆ ಹೋಗುವ ಆ ಗೆರೆಯ ಉದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡಿದ. ಗೆರೆಯಲ್ಲಿ ಎಲ್ಲೂ ಅಲೆ ಇರಲಿಲ್ಲ. ಆಕಾಶ ಅದರೊಳಗೆ ಮುರಿಯದೆ ಮಲಗಿತ್ತು.

"ಬಾಡಿ ಮಾಡಿದ್ದು ಯಾರು?" ಅವನು ಮಹಾಶ್ವೇತಾಳನ್ನು ಕೇಳಿದ.

"ನಮ್ಮಪ್ಪ," ಎಂದಳು. ಇಂಗ್ಲಿಷಿನಲ್ಲಿ ಆ ಎರಡು ಪದಗಳನ್ನು ಹೊರಗಿನವರ ಎದುರು ಇಷ್ಟು ಗಟ್ಟಿಯಾಗಿ ಹೇಳಿದ್ದು ಅವಳಿಗೇ ವಿಚಿತ್ರವಾಗಿ ಕೇಳಿಸಿತು.

ರೈತ ಎದ್ದು ಹೋಗಿ ಅಪ್ಪನ ಕೈ ಹಿಡಿದು ಕುಲುಕಿದ. ಬಿಡಲಿಲ್ಲ. ಅಪ್ಪನಿಗೆ ಸಂಕೋಚವಾಗಿ, "ಓನ್ಲಿ ಟ್ಯಾಪಿಂಗ್ ಸರ್. ಸ್ಲೋಲಿ ಟ್ಯಾಪಿಂಗ್," ಎಂದ.

ಅದು ಸುಳ್ಳೇನಲ್ಲ. ಆ ಭಾಗದ ಹೊಸ ತಗಡು ಎಲ್ಲೂ ಸಿಗದೆ ಅಪ್ಪ ಚಪ್ಪಟೆ ಹಾಳೆಯಿಂದಲೇ ಅದನ್ನು ಎಬ್ಬಿಸಿದ್ದ. ಪಕ್ಕದ ಮನೆಯವರು ಕಡಿಸಿದ ನೀಲಗಿರಿಯ ಬೊಡ್ಡೆಯೊಂದನ್ನು ಉರುಳಿಸಿಕೊಂಡು ಬಂದು, ನೆತ್ತಿಯಲ್ಲಿ ಬಟ್ಟಲಿನಷ್ಟು ತಗ್ಗು ಕೊರೆದು, ಅದರ ಮೇಲೆ ಹಾಳೆಯಿಟ್ಟು ಮರದ ಸುತ್ತಿಗೆಯಿಂದ ತಟ್ಟುತ್ತ ಹದಿನಾರು ದಿನ. ಅವಳು ಇನ್ನೊಂದು ತುದಿ ಹಿಡಿದಿರಬೇಕು. ಅಪ್ಪ ತಟ್ಟುತ್ತಾನೆ, ನಿಲ್ಲಿಸುತ್ತಾನೆ, ಕಣ್ಣು ಮುಚ್ಚಿ ಅಂಗೈ ಆಡಿಸುತ್ತಾನೆ. ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಅಂಗೈ ನಿಲ್ಲುತ್ತದೆ. "ಇಲ್ಲಿ ಕೂದಲಷ್ಟು ಮ್ಯಾಲೈತಿ, ಕೈ ಕೊಡು." ಅವಳ ಅಂಗೈ ಇಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಫಕ್ಕನೆ ತಿಳಿಯಿತು. ಕತ್ತಲಲ್ಲಿ ಯಾರೋ ಪಕ್ಕ ನಿಂತಿದ್ದಾರೆಂದು ತಿಳಿಯುವಂತೆ. ಅವಳು ಕೂಗಿಬಿಟ್ಟಳು. ಅಪ್ಪ ಅವಳ ಮುಖ ನೋಡಿ ನಕ್ಕ. ಅಷ್ಟು ದೊಡ್ಡ ನಗುವನ್ನು ಅವಳು ಹತ್ತೊಂಬತ್ತು ವರ್ಷದ ಕೊಳವೆಗಳ ಕಾಲದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಊಟಕ್ಕೆ ಕರೆಯಲು ಬಂದ ಅವ್ವ, "ಅಪ್ಪಗೂ ಮಗಳಿಗೂ ತುಕ್ಕ ಹಿಡದೈತಿ," ಎಂದು ತಟ್ಟೆಗಳನ್ನು ಅಲ್ಲಿಗೇ ತಂದಿಟ್ಟಳು. ಬಣ್ಣ ಆರಿಸುವಾಗ ಹಳೆಯ ಕಾಗದದಲ್ಲಿ ಕಾರಿನ ಮೂಲ ಬಣ್ಣದ ಹೆಸರು 'ವಿಟಮಿನ್ ಸಿ' ಎಂದಿತ್ತು. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡು, ಬಣ್ಣಕ್ಕೂ ವಿಟಮಿನ್ ಅಂತಾರೇನ ಎಂದು ಇಡೀ ದಿನ ತಲೆಯಾಡಿಸಿದ. ಬಣ್ಣ ಒಣಗಿದ ಮರುದಿನದಿಂದ ಶುರುವಾಯಿತು ಅವನ ಒಂದೇ ಮಾತು: "ಇದನ್ನ ಕೊಟ್ಟಾಕಿಗೆ ಒಮ್ಮೆ ತೋರ್ಸಿ ಬರೂಣು. ಅದು ಪದ್ಧತಿ." ಅವಳು ಟೈರ್ ಬರಲಿ ಎಂದಳು, ರಿಜಿಸ್ಟ್ರೇಷನ್ ಆಗಲಿ ಎಂದಳು, ಚಳಿ ಹೋಗಲಿ ಎಂದಳು. ಚಳಿಯೂ ಹೋಯಿತು.

ಯೂರೋವಾ ದಾಟಿದ ಮೇಲೆ ರಸ್ತೆ ನೆಟ್ಟಗಾಯಿತು. ಹೇಳದೆ ಇನ್ನು ಐವತ್ತು ಕಿಲೋಮೀಟರ್ ಹೋದರೆ ಇಡೀ ದಾರಿಯೇ ಮುಗಿದುಬಿಡುತ್ತದೆ ಎನಿಸಿ ಅವಳು ವೇಗ ತಗ್ಗಿಸಿದಳು. ಅಪ್ಪ ಕಿಟಕಿಯ ಅಂಚಿನ ಮೇಲೆ ಕೈಯಿಟ್ಟು ಹುಲ್ಲು ಮೇಯುವ ದನ ನೋಡುತ್ತಿದ್ದ.

"ಅಪ್ಪಾ, ನೋಲಾಗ ನಾ ಒಂದು ಸುಳ್ಳು ಹೇಳೀನಿ."

"ಏನಂತ?"

"ನೀ ಇಲ್ಲ ಅಂತ."

"ಎಲ್ಲಿಲ್ಲ? ಸಿಡ್ನಿದಾಗ?"

"ಅಲ್ಲ... ನೀ ಹೋಗಿಬಿಟ್ಟಿ ಅಂತ. ತೀರಿಕೊಂಡಿ ಅಂತ. ಗಾಡಿ ಕೊಡ್ಲಿ ಅಂತ ಹಂಗ ಹೇಳಿದೆ."

ಎಂಜಿನ್ ಒಂದೇ ಸಮನೆ ಹಾಡುತ್ತಿತ್ತು. ಅಪ್ಪ ದನಗಳನ್ನೇ ನೋಡುತ್ತಿದ್ದ. ಬೋರ್ಡೊಂದು ಹಿಂದೆ ಸರಿಯಿತು, ಇನ್ನೊಂದು ಸರಿಯಿತು.

"ಏನಾಗಿ ಸತ್ತೆ?"

"ಹಾರ್ಟ್."

"ಹಾರ್ಟ್ ಏನೂ ಆಗಿಲ್ಲ ನನಗ. ಶುಗರ್ ಐತಿ," ಎಂದ. ಆಮೇಲೆ, "ಗಾಡಿ ನಿಂದರ್ಸು."

ರಸ್ತೆಯ ಬದಿಗೆ ಮರದ ಬೆಂಚು ಹಾಕಿದ ಜಾಗವೊಂದಿತ್ತು. ಅಪ್ಪ ಇಳಿದು, ಬಾಗಿಲನ್ನು ಎಂದಿನಂತೆ ಒತ್ತಿ ಹಾಕಿ, ತಂತಿ ಬೇಲಿಯ ಹತ್ತಿರ ಹೋಗಿ ಆ ಕಡೆ ಮುಖ ಮಾಡಿ ನಿಂತ. ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಅವಳು ಹತ್ತು ಹೆಜ್ಜೆ ಹಿಂದೆ ನಿಂತಳು. ಏನು ಹೇಳಿದರೂ ಅದು ಇನ್ನೊಂದು ಸುಳ್ಳಿನಂತೆ ಕೇಳಿಸುತ್ತದೆ ಎಂದು ಅವಳಿಗೆ ಅನಿಸಿತು. ಕಾರನ್ನು ಮಾರಿಬಿಡುತ್ತೇನೆ ಎನ್ನಬೇಕೆನಿಸಿ, ಅದೂ ಬರೀ ನಾಟಕವೆಂದು ನಾಚಿಕೆಯಾಯಿತು.

"ಸಾಲ್ಯಾಗ ಒಮ್ಮೆ ಎಸಿ ರಿಪೇರಿ ಮಾಡಾಕ ಬಂದಾಂವ ಆಗಿದ್ದೆ," ಅಪ್ಪ ಬೇಲಿಯ ಕಡೆಗೇ ಹೇಳಿದ. "ಈಗ ಸತ್ತಾಂವ ಆದೆ."

ಅವನಿಗೆ ಅಂದು ಕೇಳಿಸಿತ್ತು. ಅವನು ಅಂದು ಗೇಟಿನ ಹತ್ತಿರ ಒಂದು ಗಳಿಗೆ ನಿಂತದ್ದು, ಬೂಟಿನ ದಾರ ಕಟ್ಟುವವನಂತೆ ಬಗ್ಗಿದ್ದು, ಬೂಟಿಗೆ ದಾರವೇ ಇರದಿದ್ದದ್ದು, ಎಲ್ಲ ಅವಳ ಕಣ್ಣಿಗೆ ಈಗ ಬಂತು. ಸಂಜೆ ಅವನು ಮನೆಗೆ ಬಂದು ಕೇಳಿದ್ದು, ದಮ್ಮು ಕಡಿಮೆ ಆತೇನ ಎಂದಷ್ಟೇ.

"ಅಪ್ಪಾ, ತಪ್ಪಾತು."

ಅಪ್ಪ ಬೇಲಿಯ ತಂತಿಯನ್ನು ಬೆರಳಿಂದ ತಟ್ಟಿದ. ಆಮೇಲೆ, "ಏನ ಕೆಲಸಾ ಮಾಡತಿದ್ನಂತ ಅಂವಾ, ಸತ್ತಾಂವ?" ಎಂದ.

"ಎಂಜಿನಿಯರ್."

ಅಪ್ಪ ತಲೆಯಾಡಿಸಿದ. ಇನ್ನೂ ಸ್ವಲ್ಪ ಹೊತ್ತು ಆಡಿಸುತ್ತಲೇ ಇದ್ದ. ತಿರುಗಿದಾಗ ಅವನ ಕಣ್ಣುಗಳು ಕೆಂಪಾಗಿದ್ದವು, ಮುಖ ಮಾತ್ರ ತಗಡಿನ ಎದುರು ಕೂತಾಗ ಇರುತ್ತಿದ್ದಂತೆಯೇ ಇತ್ತು. "ಹಂಗಾರ ಅಂವ ಬ್ಯಾರೆ ಮನಶ್ಯಾ. ನಡಿ. ಅಲ್ಲಿ ಹೋದಮ್ಯಾಲೆ ಮೊದಲ ನೀ ಒಳಗ ಹೋಗಿ ಖರೇ ಏನೈತಿ ಅದನ್ನ ಹೇಳು. ಆಮ್ಯಾಲ ನನ್ನ ಕರಿ. ಸತ್ತಾಂವ ಹೋಗಿ ಬಾಗಲಾ ಬಡದ್ರ, ವಯಸ್ಸಾದಾಕಿ, ಅಂಜ್ಯಾಳು."

ಕಾರು ಮತ್ತೆ ರಸ್ತೆಗೆ ಏರಿತು. ಸೇಮೂರ್ ಬಂದಾಗ ಅವನು ಇನ್ನೊಂದು ಮಾತಾಡಿದ. "ಮುಂಜಾನಿಂದ ಕ್ಲಚ್ ಮ್ಯಾಲೆ ಕಾಲಿಟಗೊಂಡ ಹೊಡ್ಯಾಕತ್ತಿ. ತಗಿ." ಅವಳು ಕಾಲು ತೆಗೆದಳು. ಅಲ್ಲಿಂದ ಮೆಲ್ಬರ್ನಿನ ಹೊರವಲಯದ ಸಿಗ್ನಲ್ಲುಗಳವರೆಗೆ ಅಪ್ಪ ಮತ್ತೆ ಯಾವ ಲಾರಿಗೂ ಬೆರಳು ಎತ್ತಲಿಲ್ಲ. 

ಕ್ರಾನ್‌ಬರ್ನಿನಲ್ಲಿ ನೋಲಾಳ ಬೀದಿಯ ಸುತ್ತ ಹೊಸ ಮನೆಗಳು ಎದ್ದಿದ್ದವು. ಅವಳದ್ದೊಂದೇ ಹಳೆಯ, ಹಲಗೆ ಗೋಡೆಯ ಮನೆ. ಅಪ್ಪನನ್ನು ಕಾರಿನಲ್ಲೇ ಬಿಟ್ಟು ಮಹಾಶ್ವೇತಾ ಬಾಗಿಲು ತಟ್ಟಿದಳು. ಎಪ್ಪತ್ತೈದರ ನೋಲಾ ಮೊದಲಿಗಿಂತ ಸಣ್ಣಗಾಗಿದ್ದಳು. ಅವಳ ಕಣ್ಣಿನ ನಡುಭಾಗದ ನೋಟ ಹೋಗಿ ವರ್ಷಗಳಾಗಿದ್ದವು, ಕಾರು ಮಾರಿದ್ದೂ ಅದಕ್ಕೇ. ಎದುರಿನವರ ಮುಖ ನೋಡಬೇಕಾದರೆ ಅವಳು ಅವರ ಹೆಗಲಿನಾಚೆ ಎಲ್ಲೋ ನೋಡುತ್ತಿದ್ದಳು. ಹಾಗೆ ಹೆಗಲಿನಾಚೆ ನೋಡುತ್ತಿದ್ದ ಮುದುಕಿಗೆ ಮಹಾಶ್ವೇತಾ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಮಧ್ಯೆ ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದಳು.

"ಇದನ್ನ ಹೇಳೋಕೆ ಎರಡೂವರೆ ವರ್ಷ ಬೇಕಾಯ್ತಾ?" ನೋಲಾಳ ದನಿ ಒಣಗಿತ್ತು.

"ಹೌದು."

"ಆ ಅಪ್ಪನ ಮಾತು ಕೇಳಿದಾಗ ನಿನಗೆ ಕಾರು ಕೊಡೋದೇ ಬೇಡ ಅಂದುಕೊಂಡಿದ್ದೆ, ಗೊತ್ತಾ? ನಿನಗಿಂತ ಮುಂಚೆ ಬಂದವರಲ್ಲಿ ಮೂವರಿಗೆ ಅಪ್ಪ ಸತ್ತಿದ್ದ. ಸತ್ತವರಿಗೋಸ್ಕರ ಕೊಂಡ ಕಾರು ಶೆಡ್ಡಿನಲ್ಲೇ ಕೊಳೆಯುತ್ತೆ." ಅವಳು ಚೌಕಟ್ಟು ಹಿಡಿದುಕೊಂಡಳು. "ಆದರೆ ನೀನು ಒಳ್ಳೇ ಪ್ಯಾಂಟ್ ಹಾಕಿಕೊಂಡು ನನ್ನ ಒದ್ದೆ ನೆಲದ ಮೇಲೆ ಮಲಗಿದ್ದೆ. ಹತ್ತು ನಿಮಿಷ ನಿನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಲಾರಿ ಆಫೀಸಿನ ಟೈಪಿಸ್ಟ್ ಆಗಿದ್ದಾಗ, ಇದನ್ನ ಮೊದಲ ಸಲ ಶೋರೂಮಿನ ಗಾಜಿನಲ್ಲಿ ಕಂಡಾಗ ನಾನೂ ಹಾಗೇ ನಿಂತಿದ್ದೆ. ಕೊಟ್ಟಿದ್ದು ಅದಕ್ಕೆ. ನಿನ್ನ ಸುಳ್ಳಿಗಲ್ಲ."

ಹಾಗಾದರೆ ಆ ಸುಳ್ಳು ಬೇಕೇ ಇರಲಿಲ್ಲ. ಅಪ್ಪನನ್ನು ಕೊಂದದ್ದು ಯಾವುದಕ್ಕೂ ಅಲ್ಲ. ಮಹಾಶ್ವೇತಾ ಈ ಮಾತನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಾಗ ನೋಲಾ ಅವಳ ತೋಳು ಹಿಡಿದಳು. "ಮತ್ತೆ ಆ ಮನುಷ್ಯನ್ನ ಬಿಸಿಲಲ್ಲಿ ಕೂರಿಸಿದ್ದೀಯಾ? ಕರಿ."

ಅಪ್ಪ ಇಳಿದು ಕೈ ಮುಗಿದ. ನೋಲಾ ಮೊದಲು ಅವನ ಹತ್ತಿರ ಹೋಗಲಿಲ್ಲ. ಕಾರಿನ ಹತ್ತಿರ ಹೋದಳು. ಬಣ್ಣ ಅವಳ ಕಣ್ಣಿನ ಅಂಚಿಗೆ ಸಿಕ್ಕಿರಬೇಕು, ನಿಂತು ತುಟಿ ಒತ್ತಿಕೊಂಡಳು. ಆಮೇಲೆ ಬಲಗೈ ಚಾಚಿ ಮುಂದಿನ ದೀಪದ ಮೇಲಿಟ್ಟು ನಡೆಯತೊಡಗಿದಳು. ಅಂಗೈ ಬಾನೆಟ್ಟಿನ ಅಂಚು ಹಿಡಿದು ಬಂತು, ಬಾಗಿಲು ದಾಟಿತು, ಹಿಂದಿನ ಚಕ್ರದ ಮೇಲೇರಿತು. ಅಲ್ಲಿ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಅಪ್ಪ ಉಸಿರು ಬಿಗಿ ಹಿಡಿದು ಆ ಕೈಯನ್ನೇ ನೋಡುತ್ತಿದ್ದ. ದೀಪಾವಳಿಯ ಸಭಾಂಗಣದಲ್ಲಿ ಚಪಾತಿ ಬಡಿಸುತ್ತಿದ್ದಾಗ ಅವನನ್ನು ಯಾರೂ ಹೀಗೆ ಕಾಯಿಸಿರಲಿಲ್ಲ, ಅವನೂ ಯಾರ ಮಾತಿಗೂ ಹೀಗೆ ಕಾದಿರಲಿಲ್ಲ.

"ಇಲ್ಲಿ ನನ್ನದೊಂದು ತಗ್ಗು ಇತ್ತು," ನೋಲಾ ಹೇಳಿದಳು. "ಎಪ್ಪತ್ತನಾಲ್ಕರಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿದ್ದೆ. ಗಂಡನಿಗೂ ಹೇಳಿರಲಿಲ್ಲ."

"ಎಸ್ ಮೇಡಂ," ಎಂದ ಅಪ್ಪ. "ಬಿಗ್ ಡೆಂಟ್. ಫುಲ್ ಮೆಟಲ್ ಗಾನ್. ಐ ಮೇಡ್ ನ್ಯೂ."

"ಹೊಸದಾಗಿ ಮಾಡಿದಿರಾ? ಕೈಯಲ್ಲಿ?" ಅವಳು ತಿರುಗಿ, ಅಪ್ಪನ ಹೆಗಲಿನಾಚೆ ನೋಡಿದಳು. "ನಿಮ್ಮ ಕಸುಬು ಏನು?"

ಅಪ್ಪ ಬಾಯಿ ತೆರೆದ, ಅಭ್ಯಾಸದಂತೆ ಮಗಳ ಕಡೆ ನೋಡಿದ. ಮಹಾಶ್ವೇತಾ ಹೇಳತೊಡಗಿದಳು. ಅಪ್ಪ ತಗಡಿನ ಕೆಲಸದವನು. ಹುಬ್ಬಳ್ಳಿಯಲ್ಲಿ ಬಸ್ಸುಗಳಿಗೆ ಮೈ ಕಟ್ಟುತ್ತಿದ್ದ. ಅವನು ಕಟ್ಟಿದ ಬಸ್ಸುಗಳಲ್ಲಿ ತಾನು ಮಗುವಾಗಿದ್ದಾಗ ಅಜ್ಜಿಯ ಊರಿಗೆ ಹೋಗಿದ್ದುಂಟು. ಸಿಡ್ನಿಯಲ್ಲಿ ಹತ್ತೊಂಬತ್ತು ವರ್ಷ ಎಸಿಯ ಕೊಳವೆ ಮಡಚಿದ. ದೊಡ್ಡ ದೊಡ್ಡ ಆಫೀಸುಗಳ ಗಾಳಿ ಅವನ ಕೈಯೊಳಗಿಂದ ಹಾಯ್ದು ಬರುತ್ತದೆ, ತಾನು ಕೂರುವ ಚಾಟ್ಸ್‌ವುಡ್ಡಿನ ಏಳನೇ ಮಹಡಿಯದ್ದೂ ಇರಬಹುದು, ತಾನು ಎಂದೂ ಕೇಳಿಲ್ಲ. ಅವನು ಬೆರಳಿನಿಂದ ತಟ್ಟಿ ತುಕ್ಕು ಎಲ್ಲಿದೆಯೆಂದು ಹೇಳುತ್ತಾನೆ. ಹೇಳುತ್ತ ಹೋದಂತೆ ಅವಳಿಗೆ ಇನ್ನೂ ಹೇಳುವುದು ಇದೆ ಅನಿಸುತ್ತಿತ್ತು. ಅಪ್ಪ ತಲೆ ತಗ್ಗಿಸಿ ಅಂಗಿಯ ತೋಳನ್ನು ಬಿಡಿಸಿ ಕೆಳಗೆಳೆದು, ಗುಂಡಿ ಹಾಕಿಕೊಳ್ಳಲು ನೋಡುತ್ತಿದ್ದ. ಗುಂಡಿ ಸಿಗುತ್ತಿರಲಿಲ್ಲ.

"ಸಾಕು, ಅವರಿಗೆ ನಾಚಿಕೆಯಾಗ್ತಿದೆ," ಎಂದಳು ನೋಲಾ. ಬಾಗಿಲ ಹಿಡಿಯನ್ನು ಕೈಯಿಂದಲೇ ಹುಡುಕಿ ತೆರೆದು ಎಡಗಡೆ ಸೀಟಿನಲ್ಲಿ ಕೂತಳು. "ನನ್ನನ್ನ ಒಂದು ಸುತ್ತು ಕರಕೊಂಡು ಹೋಗಬೇಕು. ನೀನಲ್ಲ. ಅವರು."

ಮಹಾಶ್ವೇತಾ ಕೀಲಿ ಕೊಟ್ಟಳು. ಅಪ್ಪ ಅದನ್ನು ಅಂಗೈಯಲ್ಲಿ ತೂಗಿದಂತೆ ಮಾಡಿ, "ಅಕಿಗೆ ಕಾಣೂದಿಲ್ಲಲ್ಲ, ಮತ್ತ ಏನ ನೋಡತಾಳ?" ಎಂದು ಮೆಲ್ಲಗೆ ಕನ್ನಡದಲ್ಲಿ ಕೇಳಿದ.

"ಕೇಳತಾಳಪ್ಪಾ. ನಿನ್ನಂಗ."

ಕಾರು ಹಿಂದಕ್ಕೆ ಬಂದು, ಬೀದಿಗೆ ಹೊರಳಿ, ಒಂದು ಗಳಿಗೆ ನಿಂತಿತು. ಹೊರಟಾಗ ಅದರ ಬಾಲ ಹೊಸ ಮನೆಗಳ ಬೂದು ಗೋಡೆಗಳ ಮುಂದೆ ಉರಿಯುವ ಒಂದು ಗೆರೆಯಂತೆ ಸರಿಯಿತು. ಅವಳು ಈ ಕಾರನ್ನು ಹೊರಗಿನಿಂದ, ಓಡುತ್ತಿರುವಾಗ, ಎಂದೂ ನೋಡಿರಲಿಲ್ಲ, ಯಾವಾಗಲೂ ಒಳಗಿರುತ್ತಿದ್ದಳು. ಇಷ್ಟು ಚೆಂದವಿದೆಯೆಂದು ಗೊತ್ತಿರಲಿಲ್ಲ. ಮೂಲೆಯಲ್ಲಿ ಗೇರ್ ಬದಲಾದ ಸದ್ದು ಕೇಳಿಸಿತು, ಎಲ್ಲೂ ತಡೆಯದೆ, ಬೆಣ್ಣೆಯಲ್ಲಿ ಚಾಕು ಹೋದಂತೆ. ಅವಳು ಒಮ್ಮೆಯೂ ಹಾಗೆ ಬದಲಿಸಿದ್ದಿಲ್ಲ. ಸದ್ದು ದೂರವಾಯಿತು, ಇನ್ನೂ ದೂರವಾಯಿತು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಅಪ್ಪನಿಗೆ ಈ ಊರಿನ ರಸ್ತೆ ಗೊತ್ತಿಲ್ಲ, ಪಕ್ಕದಲ್ಲಿ ಕೂತವಳಿಗೆ ಬೋರ್ಡು ಓದುವಷ್ಟು ಕಣ್ಣು ಕಾಣದು. ಅವಳು ಗೇಟಿನವರೆಗೆ ಹೋಗಿ ಬಂದಳು. ಮತ್ತೆ ಹೋದಳು. ಅರ್ಧ ಗಂಟೆ ದಾಟಿದಾಗ ಫೋನ್ ಬಂತು.

"ಅಪ್ಪಾ, ಎಲ್ಲಿದ್ದಿ?"

"ಎಲ್ಲೋ ಏನೋ. ಬದಿಗೆ ಹಚ್ಚಿ ಫೋನ್ ಮಾಡಾಕತ್ತೀನಿ. ಸಮುದ್ರ ಕಾಣಾಕತ್ತೈತಿ." ಹಿಂದೆ ಎಂಜಿನ್ ಗುರುಗುಡುತ್ತಿತ್ತು, ಅದರ ಮೇಲೆ ನೋಲಾ ಇಂಗ್ಲಿಷಿನಲ್ಲಿ ಏನೋ ಕೂಗುತ್ತಿದ್ದಳು. ಅಪ್ಪನೂ ಕೂಗಿಯೇ ಮಾತಾಡಬೇಕಾಗಿತ್ತು. "ತಿರುಗಿಸ್ಲೇನ ಅಂದ್ರ ಬ್ಯಾಡ ಅಂತಾಳ, ಇನ್ನೂ ಮುಂದ ಹೋಗು ಅಂತಾಳ. ಏನ ಮಾಡ್ಲಿ?"

"ಹೋಗಪ್ಪಾ."

"ಹೊತ್ತಾಗತೈತಿ. ನೀ ಏನರ ತಿಂದಿರು," ಎಂದು ಅವನು ಫೋನ್ ಇಟ್ಟ.